ದೇವಕಣಗಲದ ಗಿಡ ಮತ್ತ ಹುಲ್ಲಿನ ಚಾಪಿ

ಹೋಳಿ ಹುಣ್ಣಿವಿಗೆ ಎಂಟ ದಿನ ಇತ್ತು. ನಮ್ಮ ಅಂಗಳದಾಗ ಒಬ್ಬಾವ ಟೇಪ್ ಹಿಡಕೊಂಡು ಅಳತಿ ಮಾಡ್ಲಿಕತ್ತಿದ್ದ. ನಮ್ಮ ನೆಗೆಣ್ಣಿ ಮನಿ ಹೊಸದಾಗಿ ಕಟ್ಟಿ ಮುಗದಿತ್ತಲ್ಲ, ಮುಂದ ‘ಲ್ಯಾಂಡ್‌ಸ್ಕೇಪ್’ ಮಾಡಸೂದು ಅಂತ ಹೊರಗಿನ ಊರಿಂದ ಗುತ್ತಿಗೆದಾರನ್ನ ಕರಸಿದ್ಲು. ಅಕಿ ಮನಿ ನಮ್ಮ ಮನಿ ಬ್ಯಾರೆ ಆದ್ರೂ ಅಂಗಳ ಒಂದ, ಬೋರೂ ಒಂದ. ಆತ ಮೊಬೈಲಿನಾಗ ಚಿತ್ರ ತೋರಿಸಿದ. ಗ್ವಾಡಿಯಿಂದ ಗ್ವಾಡಿತನಕ ಹಸರ ಹುಲ್ಲಿನ ಚಾಪಿ, ನಡುವ ಬಿಳಿ ಕಲ್ಲು, ಮೂಲ್ಯಾಗ ಎರಡು ಈಚಲ ಜಾತಿ ಗಿಡ. ಚಂದ ಇತ್ತು, ಸುಳ್ಳ ಯಾಕ ಹೇಳಬೇಕು. ಆಮ್ಯಾಲ ದೇವಕಣಗಲದ ಕಡೆ ಬಟ್ಟ ಮಾಡಿ, “ಇದೊಂದು ತಗೀಬೇಕಾಗ್ತೈತ್ರಿ ಅಕ್ಕಾರ” ಅಂದ.

ಆ ದೇವಕಣಗಲ ನಮ್ಮ ಅತ್ತಿಯವರು ಸೂಪಾದಿಂದ ತಂದದ್ದು. ಹಳಿಯಾಳಕ್ಕ ಸೊಸಿಯಾಗಿ ಬಂದ ಹೊಸದರಾಗ ಅಲ್ಲ, ತೌರಮನಿ ಮುಳುಗೂ ಮುಂದ. ಕಾಳಿ ನದಿಗೆ ಗಣೇಶಗುಡಿ ಹತ್ರ ಆಣಿಕಟ್ಟು ಕಟ್ಟಿ, 1980ರ ದಶಕದಾಗ ನೀರು ನಿಂತಾಗ ಸೂಪಾ ಅನ್ನೋ ಊರ ಇಲ್ದಂಗ ಆತು. ತಾಲೂಕಿನ ಕಚೇರಿ ಜೋಯಿಡಾಕ್ಕ ಬಂತು. ಮಂದಿ ಬಾಗಿಲ ಚೌಕಟ್ಟು, ಹಂಚು, ಒಳ್ಳು, ಬೀಸೂಕಲ್ಲು ಹೊತ್ತು ತಂದ್ರು. ನಮ್ಮ ಅತ್ತಿ ತಂದದ್ದು ಮಾರುದ್ದದ ಒಂದು ಟೊಂಗಿ. ಮರಾಠಿ ಮಾತಾಡೋ ನಮ್ಮ ನೆರಿಮನಿಯವರು ಅದಕ್ಕ ಚಾಫಾ ಅಂತಾರ. ಈಗ ಅದು ಮಾಳಿಗಿ ಮುಟ್ಟೈತಿ.

ನಾನು ಗುತ್ತಿಗೆದಾರಗ ಏನೂ ಅನಲಿಲ್ಲ. ನೆಗೆಣ್ಣಿಗೆ “ಹೋಳಿ ಮುಗೀಲಿ, ಆಮ್ಯಾಲ ನೋಡೂಣು” ಅಂದೆ. ಅಕಿ ಹೇಳಿದ್ದು ಒಂದ ಮಾತು: “ಅಕ್ಕಾ, ಅದು ಗುಡಿ ಮುಂದಿನ ಹಳೇ ಗಿಡ, ಮನಿ ಮುಂದ ಶೋಭಾಸೂದಿಲ್ಲ. ಈಗಿನ ಗಾರ್ಡನ್ ಬ್ಯಾರೆ.” ಹಳೇದು ಅಂದ್ರ ಎಷ್ಟ ಹಳೇದು, ಈ ಗಾರ್ಡನ್ ಅನ್ನೂದು ನಮ್ಮ ಕಡೆ ಯಾರು ಮಾಡಕೋತ ಬಂದ್ರು ಅಂತ ಹುಡುಕಾಕ ಹತ್ತಿದ್ದು ಆ ಸಿಟ್ಟಿಗೆ. ಬೆಂಗಳೂರಾಗಿರೋ ಮಗಳು ಪುಸ್ತಕ ಕಳಿಸಿದ್ಲು, ಒಂದೆರಡು ಜಾಗಾ ಕರಕೊಂಡು ಹೋಗಿ ತೋರಿಸಿದ್ಲು. ಓದಿದಂಗ ನನ್ನ ಸಿಟ್ಟಿನ ಅರ್ಧಾ ನನ್ನ ಮ್ಯಾಲ ತಿರಗ್ತು, ಯಾಕಂದ್ರ ದೇವಕಣಗಲಾನೂ ನಮ್ಮದಲ್ಲ. ಅದು ಮೆಕ್ಸಿಕೊ, ನಡು ಅಮೆರಿಕಾ ಕಡೆಯ ಗಿಡ. ಸಮುದ್ರ ದಾಟಿ ಬಂದು ನಮ್ಮ ದೇವರಿಗೆ ಏರಿದ್ದು. ದಸರಾಕ್ಕ, ದೀಪಾವಳಿಗೆ ಬಾಗಿಲಿಗೆ ಕಟ್ಟೋ ಚೆಂಡಹೂವು? ಅದೂ ಮೆಕ್ಸಿಕೊದ್ದು. ನಿಶಿಗಂಧ ಸೈತ ಅಲ್ಲೀದ. ಶಾವಂತಿಗಿ ಚೀನಾದ್ದು. ನಾವು ಮುಡ್ಯೋ ಅಬ್ಬಲಿಗಿ ಒಂದು ನಮ್ಮ ದಕ್ಷಿಣದ್ದು ಅನ್ನೂದು ಸಮಾಧಾನ. ಅಂದ್ರ ‘ನಮ್ಮದು, ಪರದೇಶದ್ದು’ ಅಂತ ಜಗಳಾ ಮಾಡಿ ಗಿಡ ಉಳಸಾಕ ಬರೂದಿಲ್ಲ. ಬ್ಯಾರೆ ಕಾರಣ ಬೇಕು.

ಆ ಕಾರಣ ಸಿಕ್ಕಿದ್ದು ಪಗಾರಕ್ಕ ತೋಟಾ ಮಾಡಿದೋರ ಕತಿಯೊಳಗ.

ತೋಟದ ಕೆಲಸ ಒಂದು ಕಸಬು ಅನ್ನೂದು ನಮ್ಮ ನಾಡಾಗ ಬಾಳ ಹಳೇದು. ಕನ್ನಡ ಶಾಸನಗಳಾಗ ದೇವರಿಗೆ ಭೂಮಿ ಬಿಡುವಾಗ ಗದ್ದಿ, ಗಾಣ, ಮನಿ ಜಾಗಾದ ಸಂಗಾಟ ಹೂದೋಟಾನೂ ಬರ್ತೈತಿ, ಮತ್ತರು, ಕಮ್ಮ ಅಂತ ಅಳತಿ ಹೇಳಿ. ಹೂವು ಬೆಳಸಿ ಮಾಲಿ ಕಟ್ಟೋರಿಗೂ ಪಾಲು ಇರ್ತಿತ್ತು. ನಮ್ಮ ಓಣಿಗೆ ಮುಂಜಾನೆ ಪತ್ರಿ, ಹೂವು ತರ್ತಿದ್ದ ಹೂಗಾರ ಮನೆತನದ ಹೆಣ್ಣಮಗಳು ನೆನಪದಾಳಲ್ಲ, ಅಕಿ ಕಸಬಿನ ಬೇರು ಅಲ್ಲೀತನಕ ಹೋಗ್ತೈತಿ. ಶರಣರೊಳಗ ಹೂಗಾರ ಮಾದಯ್ಯ ಅಂತ ಇದ್ದದ್ದು ಸುಮ್ನ ಅಲ್ಲ. 12ನೇ ಶತಮಾನದಾಗ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಅಂತ ಸಂಸ್ಕೃತದಾಗ ದೊಡ್ಡ ಪುಸ್ತಕ ಮಾಡಿಸಿದ. ಅಡಿಗಿಯಿಂದ ಹಿಡದು ಆನಿ ಪಳಗಸೂದರತನಕ ಎಲ್ಲಾ ಐತಿ ಅದರಾಗ. ರಾಜ ಆಡೋ ಆಟಗಳ ಪಟ್ಟಿಯೊಳಗ ತೋಟದ ಆಟ, ಕೃತಕ ಗುಡ್ಡದ ಆಟ, ಎಳೇ ಹುಲ್ಲಿನ ಮ್ಯಾಲಿನ ಆಟಾನೂ ಬರ್ತಾವ. ನೋಡ್ರಿ, ನಮ್ಮ ನೆಗೆಣ್ಣಿಯ ಹುಲ್ಲಿನ ಚಾಪಿಗೂ ಒಂಬತ್ತನೂರು ವರ್ಷದ ಸಾಕ್ಷಿ ಸಿಕ್ಕಿತು! ಇದನ್ನ ಅಕಿಗೆ ಮೊದಲ ಹೇಳಲಿಲ್ಲ. ಆದ್ರ ಅದು ರಾಜನ ಹುಲ್ಲು. ನೀರು ಹೊರಾಕ ಆಳು ಇದ್ದಾವನ ಹುಲ್ಲು.

ನೀರಿನ ಮಾತು ಬಂತಂದ್ರ ಬೀದರ, ವಿಜಯಪುರದ ಕಡೆ ನೋಡಬೇಕು. ಬೀದರದಾಗ ಬಹಮನಿ ಸುಲ್ತಾನರ ಕಾಲಕ್ಕ ಕೆಂಪ ಕಲ್ಲ ಕೊರದು ನೆಲದೊಳಗ ಸುರಂಗದ ಕಾಲುವಿ ಮಾಡಿದ್ರು, ಬಿಸಲಿಗೆ ನೀರು ಆರಿ ಹೋಗಬಾರದು ಅಂತ. ವಿಜಯಪುರಕ್ಕ ತೊರವಿಯಿಂದ ನೆಲದೊಳಗಿನ ದಾರಿಯಾಗ ನೀರು ತಂದ್ರು. 1651ರಾಗ ಮುಹಮ್ಮದ ಆದಿಲಶಾಹ ಬೇಗಂ ತಲಾಬ್ ಕಟ್ಟಿಸಿದ, ಅದರ ನೀರು ಮಣ್ಣಿನ ಕೊಳವಿಯಾಗ ಊರೊಳಗ ಹರೀತಿತ್ತು. ನೀರಿನ ಒತ್ತಡ ಕಮ್ಮಿ ಮಾಡಾಕ ಕಟ್ಟಿದ್ದ ಗಂಜ್ ಅನ್ನೋ ಗೋಪುರ ಇನ್ನೂ ಅಲ್ಲಲ್ಲೆ ನಿಂತಾವ. ಮೊದಲ ನೀರಿನ ದಾರಿ, ಆಮ್ಯಾಲ ಕಾರಂಜಿ, ಹೂವು. ಬರಗಾಲದ ನಾಡಿನೋರು ಹಿಂದಮುಂದ ಮಾಡಲಿಲ್ಲ.

ಬೆಂಗಳೂರಿನ ಲಾಲಬಾಗ ನಿಮಗ ಎಲ್ಲಾರಿಗೂ ಗೊತ್ತು, ಹೂವಿನ ಪ್ರದರ್ಶನಕ್ಕ ನಮ್ಮ ಬಳಗದಿಂದ ವರ್ಷಾ ಯಾರರ ಹೋಗೇ ಹೋಗ್ತೀರಿ. 1760ರಾಗ ಹೈದರಾಲಿ ಶುರು ಮಾಡಿದ, ಟಿಪ್ಪು ಬೆಳಸಿದ. ದೂರದೂರದಿಂದ ಬೀಜ, ಸಸಿ ತರಿಸಿದ್ರು. ಮಣ್ಣಾಗ ಕೈ ಇಟ್ಟೋರು ಮಾತ್ರ ತಿಗಳ ಸಮಾಜದೋರು, ಬೆಂಗಳೂರು ಕರಗ ಅವರದಲ್ಲ, ಅವರು. ಸುಲ್ತಾನರ ಹೆಸರು ಫಲಕದ ಮ್ಯಾಲ ಐತಿ, ಇವರದು ಇಲ್ಲ. 1856ರಾಗ ಅದು ಸರಕಾರದ ಸಸ್ಯತೋಟಾ ಆತು. ಆಮ್ಯಾಲ ಇಂಗ್ಲೆಂಡಿನ ಕ್ಯೂ ಅನ್ನೋ ದೊಡ್ಡ ಸಸ್ಯತೋಟದಾಗ ಕಲ್ತ ತೋಟಗಾರರು ಒಬ್ಬರ ಹಿಂದ ಒಬ್ಬರು ಬಂದ್ರು. ಅವರೊಳಗ 1874ರಾಗ ಬಂದಾವ ಜಾನ್ ಕ್ಯಾಮರಾನ್. ನಾವು ಪಲ್ಯಾ ಮಾಡೋ ಸೀಮಿ ಬದನಿಕಾಯಿ ಈ ಕಡೆ ಬಂದದ್ದು ಅವನ ಕಾಲಕ್ಕ ಅಂತಾರ. ಅದಕ್ಕ ಮದ್ರಾಸ ಕಡೆ ‘ಬೆಂಗಳೂರು ಕತ್ರಿಕಾಯಿ’ ಅಂತ ಹೆಸರು. ನನಗ ಆ ಪಲ್ಯಾ ಅಷ್ಟಕ್ಕಷ್ಟ, ಆದ್ರ ಮನುಷ್ಯಾಗ ಒಂದು ನಮಸ್ಕಾರ.

ನನ್ನ ಮನಸಿನಾಗ ಕುಂತಾವ ಆಮ್ಯಾಲಿನಾವ, ಗುಸ್ತಾವ್ ಹರ್ಮನ್ ಕ್ರುಂಬಿಗೆಲ್. ಜರ್ಮನಿಯ ಡ್ರೆಸ್ಡೆನ್ ಹತ್ರ 1865ರಾಗ ಹುಟ್ಟಿದಾವ. ಕ್ಯೂದಾಗ ಕೆಲಸಾ ಮಾಡಿ, 1893ರಾಗ ಬರೋಡಾ ಮಹಾರಾಜರ ತೋಟಕ್ಕ ಬಂದ. 1908ರಾಗ ಮೈಸೂರ ಸಂಸ್ಥಾನಕ್ಕ ಬಂದು 1932ರತನಕ ಲಾಲಬಾಗ ನೋಡಕೊಂಡ. ಬೆಂಗಳೂರಿನ ರಸ್ತಿಗುಂಟ ಸಾಲಗಿಡ ಹಚ್ಚುವಾಗ ಅವನ ಲೆಕ್ಕಾ ಹೆಂಗಿತ್ತಂದ್ರ, ಒಂದು ಜಾತಿಯ ಹೂವು ಉದುರೂ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷಪೂರ್ತಿ ಊರಾಗ ಎಲ್ಲೆರ ಹೂವು ಇರಬೇಕು. ಟಬೂಬಿಯಾ, ಜಕರಂಡಾ, ಗುಲಮೊಹರ, ಮಳಿಮರ ಅಂತ ಸಾಲ ಹಿಡಿಸಿದ. ಇವು ಬಾಳಷ್ಟು ಅಮೆರಿಕಾದ್ದು, ಗುಲಮೊಹರ ಮಡಗಾಸ್ಕರದ್ದು. ಆದ್ರ ಇವರಾಗ ಬಾಳಷ್ಟಕ್ಕ ಒಂದು ಗುಣ ಐತಿ. ನೀರು ಕಮ್ಮಿಯಾದ ಕೂಡಲೇ ಎಲಿ ಉದರಸ್ತಾವ. ಎಲಿಯಿಂದ ಆರಿ ಹೋಗೋ ನೀರು ಉಳಿತೈತಿ. ಬೋಳ ಟೊಂಗಿ ಮ್ಯಾಲ ಹೂವು ಬಂದ್ರ ಜೇನಿಗೆ, ಹಕ್ಕಿಗೆ ದೂರಿಂದ ಕಾಣ್ತಾವ. ಬ್ಯಾಸಗಿ ಅಂದ್ರ ಅವಕ್ಕ ಸಾಯೂ ಹೊತ್ತಲ್ಲ, ಹಬ್ಬ.

ಇದನ್ನ ಓದಿದಾಗ ಎದ್ದು ಹೊರಗ ಬಂದು ದೇವಕಣಗಲ ನೋಡಿದೆ. ಎಲಿ ಒಂದೂ ಇಲ್ಲ, ತುದಿಗೆ ಮಗ್ಗಿ. ಟೊಂಗಿ ದಪ್ಪ ದಪ್ಪ, ಒಳಗ ಹಾಲು, ನೀರು ತುಂಬಿ ಇಟ್ಟಕೊಂಡಾವ. ಅತ್ತಿಯವರು ಕ್ರುಂಬಿಗೆಲ್ ಹೆಸರು ಕೇಳಿದೋರಲ್ಲ. ಮುಳುಗೂ ಊರಿಂದ ತರಾಕ ಗಿಡ ಆರಿಸೂವಾಗ, ಟೊಂಗಿ ಮುರದು ವಾರ ಇಟ್ರೂ ಸಾಯೂದಿಲ್ಲ, ನೀರು ಹಾಕದಿದ್ರೂ ಬದಕ್ತೈತಿ ಅನ್ನೂದು ಅವರಿಗೆ ಗೊತ್ತಿತ್ತು.

ಆದ್ರ ಕ್ರುಂಬಿಗೆಲ್ಲನ ಹೊಗಳೂವಾಗ ನನಗ ಒಂದು ತಕರಾರೂ ಐತಿ. ಅವನು ಊರಾಗ ಹಚ್ಚಿದ ಸಾಲನ್ನ ನಮ್ಮ ಅಡವಿ ಮೊದಲಿಂದ ಹಚ್ಚಿಕೊಂಡ ಕುಂತೈತಿ. ಜನವರಿಯಾಗ ಬೂರಲ, ಶಿವರಾತ್ರಿ ಹೊತ್ತಿಗೆ ಮುತ್ತಲ, ಅದರ ಬೆನ್ನಿಗೆ ಸುರಗಿ, ಯುಗಾದಿ ದಾಟಿದ ಮ್ಯಾಲ ಕಕ್ಕಿ, ಆಮ್ಯಾಲ ಹೊಳಿದಾಸವಾಳ. ಹಳಿಯಾಳದಿಂದ ದಾಂಡೇಲಿಗೆ ಬಸ್ಸಿನಾಗ ಹೋಗೋರು ಕಿಡಕಿ ಕಡೆ ಕುಂಡ್ರಿ, ಕಾಣ್ತೈತಿ. ಜೋಯಿಡಾ ಕಡೆಯ ಹೆಣ್ಣಮಕ್ಕಳು ಸುರಗಿ ಮಗ್ಗಿ ಆರಿಸಿ ಪೋಣಿಸಿ ಒಣಗಿಸಿ ಇಡ್ತಾರ, ತಿಂಗಳಗಟ್ಟಲೆ ವಾಸನಿ ಹೋಗೂದಿಲ್ಲ. ಆದ್ರ ಸುರಗಿಯನ್ನ ಯಾವ ಗುತ್ತಿಗೆದಾರನೂ ಚಿತ್ರದಾಗ ತೋರಸೂದಿಲ್ಲ.

ಕ್ರುಂಬಿಗೆಲ್ ಬೆಂಗಳೂರಾಗ ತೀರಿಕೊಂಡದ್ದು 1956ರ ಫೆಬ್ರವರಿಯಾಗ. ಅದ ವರ್ಷ ನವೆಂಬರ 1ಕ್ಕ ನಮ್ಮ ಜಿಲ್ಲಾ ಮುಂಬಯಿ ರಾಜ್ಯದಿಂದ ಈ ಕಡೆ ಬಂತು. ಹಂಗಾಗಿ ನಮ್ಮ ಹಿರೇರಿಗೆ ಲಾಲಬಾಗ ಅಂದ್ರ ಬ್ಯಾರೆ ರಾಜ್ಯದ ಮಾತು. ಕ್ರುಂಬಿಗೆಲ್ ಆದ ಮ್ಯಾಲ ಅಲ್ಲೆ ನಮ್ಮವರ ಎಚ್. ಸಿ. ಜವರಾಯ, ಆಮ್ಯಾಲ ಎಂ. ಎಚ್. ಮರಿಗೌಡ ಬಂದ್ರು. 1963ರಾಗ ತೋಟಗಾರಿಕಿ ಬ್ಯಾರೆ ಇಲಾಖೆ ಆತು, ಮರಿಗೌಡರು ಅದನ್ನ ಜಿಲ್ಲಾ ಜಿಲ್ಲಾಕ್ಕ ಮುಟ್ಟಿಸಿದ್ರು. ಇವತ್ತು ತೋಟಗಾರಿಕಿ ನರ್ಸರಿಯಾಗ ಮಾವಿನ ಕಸಿ, ಮಲ್ಲಿಗಿ ಸಸಿ ತರೋ ನಾವು ಆ ಸರಪಳಿಯ ಕಡೀ ಕೊಂಡಿ.

ನಮ್ಮ ಕಡೆ ‘ಮಾಳಿ’ ಅನ್ನೂದು ತಿಂಗಳ ಪಗಾರದ ಕೆಲಸ ಅಂತ ಮಂದಿಗೆ ಗೊತ್ತಾದದ್ದು ದಾಂಡೇಲಿಯಿಂದ. 1955ರಾಗ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಹುಟ್ಟಿ, ಕಾಲನಿ ಎದ್ದು, ಬಂಗಲೆ ಮುಂದ ಹೂವಿನ ಪಾತಿ ಬಂದ್ವು. ನಮ್ಮ ಓಣಿಗೆ ಹಳೇ ಮಾಳಿ ಮಾಮಾ ಒಬ್ಬರು ಬರ್ತಿದ್ರು. ಕಾಗದದ ಹೂವಿನ ಬಗ್ಗೆ ಅವರು ಹೇಳಿದ್ದು ನನಗ ಇನ್ನೂ ಬಾಯಿಪಾಠ: ನೀರು ಕೊಟ್ರ ಎಲಿ ಕೊಡ್ತೈತಿ, ನೀರು ಬಿಟ್ರ ಹೂವು ಕೊಡ್ತೈತಿ. ನಿಜಾನೂ ಹೌದು. ಅದಕ್ಕ ಬಾಯಾರಿಕಿ ಆದಾಗನ ಬಣ್ಣ ಬರ್ತೈತಿ. ಆ ಬಣ್ಣದ್ದು ಹೂವಿನ ಪಕಳೀನೂ ಅಲ್ಲ, ಎಲಿಯ ಒಂದು ರೂಪ. ನಡುವ ಸಣ್ಣ ಬಿಳಿ ಕೊಳವಿ ಇರ್ತೈತಲ್ಲ, ಅದು ಖರೇ ಹೂವು.

ಕಾಗದದ ಹೂವಿನ ಹೆಸರಿನ ಹಿಂದ ಒಬ್ಬಾಕಿ ಹೆಣ್ಣಮಗಳ ಕತಿ ಐತಿ, ಅದನ್ನ ಹೇಳದ ಮುಂದ ಹೋಗಾಕ ನನಗ ಮನಸಿಲ್ಲ. 1766ರಾಗ ಬೂಗನ್‌ವಿಲ್ ಅನ್ನೋ ಫ್ರೆಂಚ್ ಕ್ಯಾಪ್ಟನ್ ಜಗತ್ತು ಸುತ್ತಾಕ ಹಡಗ ಬಿಟ್ಟ. ಸಂಗಾಟ ಕೊಮರ್ಸನ್ ಅನ್ನೋ ಸಸ್ಯಶಾಸ್ತ್ರಜ್ಞ, ಅವಗ ಒಬ್ಬ ಆಳು. ಆ ಆಳು ಗಂಡಸಿನ ವೇಷದಾಗಿದ್ದ ಜಾನ್ ಬಾರೆ ಅನ್ನಾಕಿ, ಯಾಕಂದ್ರ ಸರಕಾರದ ಹಡಗಿನಾಗ ಹೆಂಗಸರಿಗೆ ಜಾಗಾ ಇರಲಿಲ್ಲ. 1767ರಾಗ ಬ್ರಾಜಿಲ್‌ನ ರಿಯೊದಾಗ ಈ ಬಳ್ಳಿ ಸಿಕ್ಕಾಗ ಕೊಮರ್ಸನ್‌ಗ ಕಾಲು ಬ್ಯಾನಿ, ಗುಡ್ಡಾ ಹತ್ತಿ ಕಿತ್ತು ತಂದಾಕಿ ಅಕಿನ ಇರಬೇಕು ಅನ್ನೋರು ಅದಾರ. ಬಳ್ಳಿಗೆ ಹೆಸರು ಬಂದದ್ದು ಕ್ಯಾಪ್ಟನ್ನಂದು. ಜಗತ್ತು ಸುತ್ತಿದ ಮೊದಲ ಹೆಣ್ಣಮಗಳು ಅಂತ ಈಗ ಅಕಿ ಹೆಸರು ಹೇಳ್ತಾರ. ಇನ್ನ ಆ ಕ್ಯೂ ತೋಟದಾಗ 1896ರಾಗ ಮೊದಲ ಸಲ ಹೆಂಗಸರನ್ನ ತೋಟದ ಕೆಲಸಕ್ಕ ತಗೊಂಡಾಗ, ಗಂಡಸರಂಗ ಮೊಳಕಾಲ ಚಣ್ಣಾ ಹಾಕ್ಕೊಂಡ ಬರಬೇಕು ಅಂತ ಕಟ್ಟಳಿ ಮಾಡಿದ್ರು. ಅವರನ್ನ ನೋಡಾಕ ಮಂದಿ ಜಾತ್ರಿ ಸೇರಿತಂತ. ನಮ್ಮಲ್ಲೆ ಇವತ್ತಿಗೂ ಯಾವ ತೋಟಕ್ಕ ಹೋಗ್ರಿ, ಗಿಡ ಕತ್ತರಸೋ ಗಂಡಸಿಗೆ ಮಾಳಿ ಅಂತಾರ, ದಿನಾ ಕುಕ್ಕರಗಾಲಿಲೆ ಕುಂತು ಕಸಾ ಕೀಳೋ ಹೆಂಗಸಿಗೆ ಬರೇ ‘ಕೂಲಿ’ ಅಂತಾರ.

ನಂದಿ ಬೆಟ್ಟಕ್ಕ ಮಗಳು ಕರಕೊಂಡು ಹೋದದ್ದು ಇದ ವಿಚಾರಕ್ಕ. 1478 ಮೀಟರ್ ಎತ್ತರದ ಕಲ್ಲಗುಡ್ಡ. ಕೆಳಗಿನ ನಾಡು ಒಣಾ, ಗುಡ್ಡದ ಮ್ಯಾಲ ಬಿದ್ದ ಮಳಿ ಬಂಡಿ ಮ್ಯಾಲಿಂದ ಜಾರಿ ಹೋಗೂದು. ಅಲ್ಲೆ ಟಿಪ್ಪುವಿನ ಬ್ಯಾಸಗಿ ಮನಿ, ಕಬ್ಬನ್ ಸಾಹೇಬನ ಬಂಗಲೆ. 1927ರಾಗ ಗಾಂಧೀಜಿ ಆರಾಮಿಲ್ಲದಾಗ ಬಂದು ಉಳದ ಜಾಗಾ. ಎಲ್ಲಾರೂ ಮಂಜು ನೋಡಾಕ ನಿಂತ್ರು, ನಾನು ಅಮೃತ ಸರೋವರದ ಮೆಟ್ಟಲ ಮ್ಯಾಲ ಕುಂತೆ. ಸುತ್ತ ಕಲ್ಲಿನ ಪಾವಟಿಗಿ ಕಟ್ಟಿ ಗುಡ್ಡದ ನೀರು ಒಂದ ಕಡೆ ಹಿಡದಾರ. ಹೂವಿನ ಪಾತಿ ಇದ್ದಲ್ಲೆ ಇಳಕಲಿಗೆ ಅಡ್ಡ ಕಲ್ಲು ಇಟ್ಟು ಮಣ್ಣು ತಡದಾರ, ಗಿಡದ ಬುಡಕ್ಕ ಒಣಗಿದ ಎಲಿ ಹೊಚ್ಚ್ಯಾರ. ಇದರಾಗ ಹೊಸಾದೇನೈತಿ? ನಮ್ಮ ಅವ್ವ ಅಬ್ಬಲಿಗಿ ಬುಡಕ್ಕ ಹೊಟ್ಟು ಹಾಕತಿದ್ಲು. ಬಿಸಲು ಮಣ್ಣಿಗೆ ಮುಟ್ಟಬಾರದು, ಅಷ್ಟ.

ನಮ್ಮ ನಾಕು ತಾಲೂಕಿನ ಹಣೇಬರಹ ಇನ್ನೂ ವಿಚಿತ್ರ. ಜೋಯಿಡಾದಾಗ ಮಳಿ ಧೋ ಅಂತ ಸುರೀತೈತಿ, ಹಳಿಯಾಳ, ಮುಂಡಗೋಡಕ್ಕ ಬರೂದರಾಗ ಕಮ್ಮಿ ಆಗ್ತೈತಿ. ಆದ್ರ ದೀಪಾವಳಿ ಆದ ಮ್ಯಾಲ ನಾಕೂ ಕಡೆ ಮುಗಲು ಒಣಾ, ಮ್ಯಾ ತಿಂಗಳದ ಅಡ್ಡಮಳಿತನಕ. ಅರ್ಧಾ ವರ್ಷ ಕೊಡೆ, ಅರ್ಧಾ ವರ್ಷ ಕೊಡ. ಹೊರಗಿನಿಂದ ಬಂದೋರು ಶ್ರಾವಣದ ಹಸರ ನೋಡಿ ಹುಲ್ಲು ಹಾಸ್ತಾರ, ಹೋಳಿ ಹೊತ್ತಿಗೆ ಅದರ ಬಣ್ಣಾ ನೋಡಾಕ ಅವರು ಇರೂದಿಲ್ಲ.

ಮುಂಡಗೋಡದಾಗ ನಮ್ಮ ತಂಗಿ ಅದಾಳ. ಅಲ್ಲೆ 1966ರಾಗ ಟಿಬೆಟಿನ ಮಂದಿಗೆ ಜಾಗಾ ಕೊಟ್ರು, 1969ರಾಗ ಗಾಂದೆನ್, ದ್ರೆಪುಂಗ್ ಮಠಗಳು ಬಂದು ನೆಲಿ ನಿಂತ್ವು. ಅವರು ಒಣ ಗುಡ್ಡದ ನಾಡಿನಿಂದ ಬಂದೋರು. ಕ್ಯಾಂಪಿನಾಗ ಮನಿ ಮುಂದ ನೋಡ್ರಿ, ಎಣ್ಣಿ ಡಬ್ಬಿ, ಪೇಂಟಿನ ಡಬ್ಬಿಯಾಗ ಹೂವು. ಒಂದೊಂದಕ್ಕ ಒಂದೊಂದು ತಂಬಗಿ ನೀರು, ಚೆಲ್ಲೂ ಮಾತ ಇಲ್ಲ. ನೆಲದಾಗ ಯಾಕ ಹಚ್ಚೂದಿಲ್ಲ ಅಂತ ಒಬ್ಬ ಅಜ್ಜಿಗೆ ತಂಗಿ ಕೇಳಿದ್ಲು. ಅಜ್ಜಿ ಡಬ್ಬಿ ಎತ್ತಿ ಕಂಕಳಾಗ ಇಟ್ಟು ಎರಡ ಹೆಜ್ಜಿ ನಡದು ತೋರಿಸಿ ನಕ್ಕರಂತ. ನನಗ ಅತ್ತಿಯವರ ಟೊಂಗಿ ನೆನಪಾತು.

ಕಸಬಿನೋರ ಕೈಯಾಗಿಂದ ತಪ್ಪೂ ಆಗ್ಯಾವ, ಅದನ್ನ ಮುಚ್ಚಿಡಬಾರದು. ಲಂಟಾನಾ ಐತಲ್ಲ, ನಮ್ಮ ಅಡವಿ ದಂಡಿಗುಂಟ ದಟ್ಟಾಗಿ, ದನಾ ಮುಟ್ಟದಂಗ ಬೆಳದದ್ದು, ಅದು 1800ರ ಸುಮಾರಿಗೆ ಬೇಲಿಗೆ, ಶೋಕಿಗೆ ಅಂತ ಅಮೆರಿಕಾದಿಂದ ತೋಟಕ್ಕ ತಂದ ಗಿಡ. ಹಕ್ಕಿ ಹಣ್ಣ ತಿಂದು ಅಡವಿಗೆ ಒಯ್ದಾವ. ಒಣಾ ತಡಕೊಳ್ಳೂದು ಗುಣ ಅಂತ ನಾನು ಇಷ್ಟೊತ್ತು ಹೊಗಳಿದ್ನಲ್ಲ, ಅದ ಗುಣ ಇಲ್ಲೆ ಉರಲಾಗಿ ಕುಂತೈತಿ. ಹಿಂಗಾಗಿ ಗಿಡ ತರೂ ಮುಂದ ಅದರ ಬೀಜ ಎಲ್ಲಿ ಹೋಗ್ತೈತಿ ಅಂತಾನೂ ಕೇಳಬೇಕು. ದೇವಕಣಗಲ ನಮ್ಮ ಕಡೆ ಕಾಯಿ ಕಟ್ಟೂದ ಅಪರೂಪ, ಟೊಂಗಿ ಕಡದು ಹಚ್ಚಿದ್ರ ಮಾತ್ರ ಬರ್ತೈತಿ. ಯಾರಿಗೂ ತ್ರಾಸಿಲ್ಲ.

ಇಷ್ಟೆಲ್ಲಾ ಓದಿ ನಾನು ನೆಗೆಣ್ಣಿ ಮುಂದ ಇತಿಹಾಸ ಹೇಳಾಕ ಕುಂಡ್ರಲಿಲ್ಲ. ಅಕಿಗೆ ಲೆಕ್ಕಾ ತಿಳಿತೈತಿ, ಲೆಕ್ಕಾ ಮಾಡಿದೆ. ಅಂಗಳ ಸಾವಿರ ಚದರಡಿ, ಅಂದ್ರ 93 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು ಬಿಟ್ರ ಒಂದು ಮಿಲಿಮೀಟರ್ ಆಗ್ತೈತಿ. ಬ್ಯಾಸಗಿಯಾಗ ಹುಲ್ಲು ಹಸರ ಇರಬೇಕಂದ್ರ ದಿನಕ್ಕ 5 ಮಿಲಿಮೀಟರ್ ಹಿಡೀರಿ, 465 ಲೀಟರ್ ಆತು. 15 ಲೀಟರಿನ ಕೊಡದಾಗ ಹೇಳೂದಾದ್ರ ದಿನಾ 31 ಕೊಡ. ಹೋದ ವರ್ಷ ಏಪ್ರಿಲ್‌ನಾಗ ನಮ್ಮ ಬೋರು ಮುಂಜಾನೆ ಕೆಮ್ಮಿ ಕೆಮ್ಮಿ ಎಷ್ಟ ಕೊಟ್ಟಿತ್ತು ಅನ್ನೂದು ಇಬ್ಬರಿಗೂ ಗೊತ್ತು. ಅಕಿ ಪೆನ್ನ ಇಸಕೊಂಡು ತಾನ ಮತ್ತೊಮ್ಮೆ ಗುಣಿಸಿದ್ಲು.

ಇನ್ನೊಂದು ಹೇಳಿದೆ, ಅಮೆರಿಕಾ ಅಂದ್ರ ಅಕಿ ಕಿವಿ ಚುರುಕಾಗ್ತಾವ ಅಂತ. ಅಲ್ಲೆ ಡೆನ್ವರ್ ಅಂತ ಒಣ ಗುಡ್ಡಗಾಡಿನ ಪಟ್ಟಣಾ ಐತಿ. 1981ರಾಗ ಆ ಊರಿನ ನೀರು ಸರಬರಾಜಿನವರ ಇಂಥಾ ತೋಟಕ್ಕ ‘ಝೆರಿಸ್ಕೇಪ್’ ಅಂತ ಹೆಸರಿಟ್ರು. ಹುಲ್ಲು ಬೇಕಾದಷ್ಟ ಜಾಗಾದಾಗ ಅಷ್ಟ, ನೀರು ಕೇಳೋ ಗಿಡ ಒಂದ ಕಡೆ, ಕೇಳದ ಗಿಡ ಇನ್ನೊಂದ ಕಡೆ, ಬುಡಕ್ಕ ಹೊದಿಕಿ. ಇದನ್ನ ಕೇಳಿ ಅಕಿ ನಕ್ಕು, “ಬಚ್ಚಲ ನೀರಿಗೆ ಬಾಳಿ, ಕೆಸವು, ಅಬ್ಬಲಿಗಿ, ಬೇಲಿಗೆ ಕಣಗಲ. ಅತ್ತಿ ಮಾಡಿದ್ದೂ ಇದನಲ್ಲ ಅಕ್ಕಾ?” ಅಂದ್ಲು. ನಾನು ಹೇಳಬೇಕಂತ ಇಟ್ಟಿದ್ದನ್ನ ಅಕಿನ ಹೇಳಿ ಬಿಟ್ಲು.

ಪೂರಾ ಒಪ್ಪ್ಯಾಳ ಅಂತ ತಿಳಕೋಬ್ಯಾಡ್ರಿ. ಮೆಟ್ಟಲ ಮುಂದ ಎರಡು ಚಾಪಿ ಅಗಲದಷ್ಟು ಹುಲ್ಲು ಬೇಕ ಬೇಕು ಅಂದ್ಲು. ಆಗ್ಲಿ, ಆದ್ರ ಕರಿಕಿ ಹಾಕೂಣು ಅಂದೆ. ಗಣಪ್ಪಗ ಏರಸೋ ನಮ್ಮ ಕರಿಕಿಯನ್ನ ಪರದೇಶದಾಗ ಬರ್ಮುಡಾ ಹುಲ್ಲು ಅಂತ ಕರದು ಆಟದ ಮೈದಾನಕ್ಕೆಲ್ಲಾ ಹಾಸ್ತಾರ. ಒಣಗಿ ಕಂದಾದ್ರೂ ಒಂದು ಮಳಿಗೆ ಎದ್ದ ನಿಂದರ್ತೈತಿ. ಗುತ್ತಿಗೆದಾರಗ ಇದು ಸೇರಲಿಲ್ಲ, ಸಣ್ಣ ಕೆಲಸಕ್ಕ ಬರಾಂಗಿಲ್ಲ ಅಂದ. ಕರಿಕಿ ನಾವಿಬ್ಬರ ಕೂಡಿ ಹಚ್ಚೇವಿ, ಒಂದ ಮೂಲಿ ಇನ್ನೂ ಹಿಡದಿಲ್ಲ.

ದೇವಕಣಗಲ ಏಪ್ರಿಲ್‌ನಾಗ ಎಲಿ ಇಲ್ಲದ ಮೈತುಂಬ ಅರಳ್ತು. ನೆಗೆಣ್ಣಿ ಫೋಟೊ ಹೊಡದು ಸ್ಟೇಟಸ್‌ಗೆ ಹಾಕಿದ್ಲು, ನೀವೂ ನೋಡಿರಬೇಕು. ಮಾಳಿಗಿಗೆ ಬಡಿತಿದ್ದ ನಾಕು ಟೊಂಗಿ ಕಡದು ನೆಳ್ಳಾಗ ಇಟ್ಟೀನಿ. ಕಡದಲ್ಲಿನ ಹಾಲು ಒಣಗಲಿ ಅಂತ ವಾರ ಬಿಡಬೇಕು, ಹಸೀದ ಊರಿದ್ರ ಕೊಳಿತೈತಿ. ಉಸುಕು ಕೂಡಿಸಿದ ಮಣ್ಣಾಗ ಒಂದು ಗೇಣು ಆಳಕ್ಕ ಹಚ್ಚಿ, ಚಿಗರತನಕ ನೀರು ಕಮ್ಮಿ ಕೊಡ್ರಿ. ಒಂದು ಮುಂಡಗೋಡಕ್ಕ ತಂಗಿಗೆ, ಒಂದು ದಾಂಡೇಲಿ ಕಾಕುಗ ಅಂತ ಆಗೇತಿ. ಉಳದ ಎರಡು ಯಾರಿಗೆ ಬೇಕೋ ಮಿರಗದ ಮಳಿ ಹಿಡಿಯೂದರೊಳಗ ಬಂದು ಒಯ್ಯಿರಿ.